ಕ್ರೂಗರ್ ಉದ್ಯಾನದಲ್ಲಿ ಒಂದು ದಿನ: ಹಕ್ಕಿಗಳು ಹೇಳುವ ಕಾಡಿನ ಕತೆ

ಆಫ್ರಿಕಾದ ಕಾಡು ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಟಿ.ವಿ.ಯಲ್ಲಿ ನೋಡಿದ ದೃಶ್ಯಗಳು. ಸಿಂಹ ಬೆನ್ನಟ್ಟುತ್ತದೆ, ಜೀಬ್ರಾ ಓಡುತ್ತದೆ, ಮೊಸಳೆ ಬಾಯಿ ತೆರೆಯುತ್ತದೆ. ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ಎಲ್ಲವೂ ಮುಗಿಯುತ್ತದೆ. ಆದರೆ ಅಲ್ಲಿ ನಿಜವಾಗಿ ಒಂದು ದಿನ ಕಳೆಯುವವರು ಗಂಟೆಗಟ್ಟಲೆ ಕಾಯಬೇಕು. ಸಿಂಹ ಕಂಡರೂ ಅದು ಮರದ ನೆರಳಲ್ಲಿ ಮಲಗಿರುವುದೇ ಹೆಚ್ಚು, ಏಕೆಂದರೆ ಅದು ದಿನದ ಬಹುಭಾಗ ವಿಶ್ರಾಂತಿಯಲ್ಲೇ ಕಳೆಯುತ್ತದೆ. ಇಂಥ ಕಾಡಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಣ್ಣಿಗೆ ಬಿಡುವು ಕೊಡದವು ಹಕ್ಕಿಗಳು. ಪ್ರಾಣಿ ಎಲ್ಲಿದೆ, ನೀರು ಎಲ್ಲಿದೆ, ಸತ್ತ ಪ್ರಾಣಿ ಎಲ್ಲಿ ಬಿದ್ದಿದೆ ಎಂಬುದನ್ನು ಮೊದಲು ತಿಳಿಸುವವೂ ಅವೇ. ಕಾಡಿಗೆ ಕಾಯಿಲೆಯಾದರೆ ಮೊದಲು ಸಾಯುವವೂ ಬಹಳ ಸಲ ಅವೇ.

ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದ ಒಂದು ದಿನವನ್ನು ಬೆಳಗಿನಿಂದ ರಾತ್ರಿಯವರೆಗೆ ಹಿಂಬಾಲಿಸುತ್ತ, ಅಲ್ಲಿ ಏನು ಕಾಣುತ್ತದೆ, ಅದು ಏಕೆ ಹಾಗಿದೆ ಎಂಬುದನ್ನು ವಿದ್ಯಾರ್ಥಿ ಮಿತ್ರರಿಗೆ ತಿಳಿಸುವುದು ಈ ಲೇಖನದ ಉದ್ದೇಶ.

ಉದ್ಯಾನದ ಪರಿಚಯ

ಕ್ರೂಗರ್ ಇರುವುದು ದಕ್ಷಿಣ ಆಫ್ರಿಕಾದ ಈಶಾನ್ಯ ಮೂಲೆಯಲ್ಲಿ. ಪೂರ್ವಕ್ಕೆ ಮೊಜಾಂಬಿಕ್, ಉತ್ತರಕ್ಕೆ ಜಿಂಬಾಬ್ವೆ. ಉತ್ತರದಿಂದ ದಕ್ಷಿಣಕ್ಕೆ ಸುಮಾರು 360 ಕಿಲೋಮೀಟರ್ ಉದ್ದ, ವಿಸ್ತೀರ್ಣ ಸುಮಾರು 19,500 ಚದರ ಕಿಲೋಮೀಟರ್. ನಮ್ಮ ಬಂಡೀಪುರ ರಾಷ್ಟ್ರೀಯ ಉದ್ಯಾನದಂಥ ಇಪ್ಪತ್ತಕ್ಕೂ ಹೆಚ್ಚು ಕಾಡುಗಳು ಅದರೊಳಗೆ ಹಿಡಿಯುತ್ತವೆ. ಐನೂರಕ್ಕೂ ಹೆಚ್ಚು ಜಾತಿಯ ಹಕ್ಕಿಗಳು, ಸುಮಾರು ನೂರೈವತ್ತು ಜಾತಿಯ ಸಸ್ತನಿಗಳು ಅಲ್ಲಿ ದಾಖಲಾಗಿವೆ.

1898ರಲ್ಲಿ ಟ್ರಾನ್ಸ್‌ವಾಲ್ ಗಣರಾಜ್ಯದ ಅಧ್ಯಕ್ಷ ಪಾಲ್ ಕ್ರೂಗರ್ ಅವರ ಕಾಲದಲ್ಲಿ ಸಾಬಿ ನದಿಯ ಸುತ್ತಲಿನ ಪ್ರದೇಶವನ್ನು ಬೇಟೆ ನಿಷೇಧಿತ ಪ್ರದೇಶವೆಂದು ಘೋಷಿಸಲಾಯಿತು. 1926ರ ಮೇ 31ರಂದು ಅದು ರಾಷ್ಟ್ರೀಯ ಉದ್ಯಾನವಾಯಿತು. ಮರುವರ್ಷ ಮೊದಲ ಪ್ರವಾಸಿಗರ ಕಾರುಗಳು ಒಳಗೆ ಬಂದವು.

ಇಡೀ ಉದ್ಯಾನ ಒಂದೇ ಬಗೆಯ ಕಾಡಲ್ಲ. ದಕ್ಷಿಣದಲ್ಲಿ ಮಳೆ ಹೆಚ್ಚು. ಅಲ್ಲಿ ಜಾಲಿ ಜಾತಿಯ ಮುಳ್ಳುಮರಗಳೂ ಮರೂಲ ಮರಗಳೂ ಹುಲ್ಲಿನ ನಡುವೆ ಬೆಳೆದಿವೆ. ಉತ್ತರಕ್ಕೆ ಹೋದಂತೆ ಮಳೆ ಕಡಿಮೆಯಾಗಿ, ಚಿಟ್ಟೆಯ ರೆಕ್ಕೆಯಂಥ ಎಲೆಯ ಮೊಪಾನೆ ಗಿಡಗಳು ಮೈಲುಗಟ್ಟಲೆ ಹರಡುತ್ತವೆ. ಇನ್ನೂ ಉತ್ತರದಲ್ಲಿ ಆನೆಯ ಕಾಲಿನಂಥ ದಪ್ಪ ಕಾಂಡದ ಬಾವೊಬಾಬ್ ಮರಗಳು ಕಾಣುತ್ತವೆ. ಈ ಮರವನ್ನು ನೋಡಲು ನಾವು ಆಫ್ರಿಕಾಕ್ಕೆ ಹೋಗಬೇಕಾಗಿಲ್ಲ. ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಜನ ‘ದೊಡ್ಡ ಹುಣಸೆ’ ಎಂದು ಕರೆಯುವ ಮರಗಳು ಇದೇ ಜಾತಿಯವು. ವಿಜಯಪುರದಲ್ಲೂ ಇವೆ. ಸಮುದ್ರ ದಾಟಿ ಬಂದ ಆಫ್ರಿಕಾದ ಮರಗಳು ಇವು.

ಬೆಳಗು: ಗೇಟು ತೆರೆಯುವ ಹೊತ್ತು

ಡಿಸೆಂಬರ್ ಎಂದರೆ ಅಲ್ಲಿ ಬೇಸಿಗೆ ಮತ್ತು ಮಳೆಗಾಲ. ಪ್ರವೇಶದ್ವಾರ ಬೆಳಿಗ್ಗೆ ಐದೂವರೆಗೆ ತೆರೆಯುತ್ತದೆ. ಒಳಗಿನ ವಸತಿ ಶಿಬಿರಗಳಲ್ಲಿ ತಂಗಿದವರು ಅದಕ್ಕೂ ಮೊದಲೇ ಹೊರಡಬಹುದು. ಇಲ್ಲಿನ ಒಂದು ವಿಶೇಷವೆಂದರೆ ಸ್ವಂತ ಕಾರಿನಲ್ಲಿ ತಾವೇ ಓಡಿಸಿಕೊಂಡು ಹೋಗಬಹುದು. ಆದರೆ ನಿಯಮಗಳು ಕಟ್ಟುನಿಟ್ಟು: ಡಾಂಬರು ರಸ್ತೆಯಲ್ಲಿ ಗಂಟೆಗೆ 50 ಕಿಲೋಮೀಟರ್, ಮಣ್ಣಿನ ರಸ್ತೆಯಲ್ಲಿ 40 ಕಿಲೋಮೀಟರ್ ಮೀರಬಾರದು. ಗೊತ್ತುಮಾಡಿದ ಜಾಗಗಳಲ್ಲಿ ಬಿಟ್ಟರೆ ಕಾರಿನಿಂದ ಇಳಿಯುವಂತಿಲ್ಲ. ಸಂಜೆ ಗೇಟು ಮುಚ್ಚುವ ಮೊದಲು ಶಿಬಿರ ಸೇರಲೇಬೇಕು. ಶಿಬಿರದ ಸುತ್ತ ಬೇಲಿ ಇರುತ್ತದೆ. ಮೃಗಾಲಯದಲ್ಲಿ ಪ್ರಾಣಿಗಳು ಬೇಲಿಯ ಒಳಗೆ, ಇಲ್ಲಿ ಮನುಷ್ಯರು ಬೇಲಿಯ ಒಳಗೆ!

ಬೆಳಗಿನ ಮೊದಲ ಎರಡು ಮೂರು ಗಂಟೆಗಳೇ ಅಮೂಲ್ಯ. ಬಿಸಿಲೇರಿದ ಮೇಲೆ ಸಸ್ತನಿಗಳು ನೆರಳು ಸೇರುತ್ತವೆ, ಹಕ್ಕಿಗಳೂ ಮೌನವಾಗುತ್ತವೆ. ಆಗಷ್ಟೇ ಬೆಳಕು ಹರಿಯುವಾಗ ರಸ್ತೆಯ ಮೇಲೆ ಗಿನಿಕೋಳಿಗಳ ಹಿಂಡು ಗಲಾಟೆ ಮಾಡುತ್ತ ಓಡುತ್ತದೆ. ಗೌಜಲಕ್ಕಿಯ ಜಾತಿಯ ಹಕ್ಕಿಗಳು ರಸ್ತೆ ಬದಿಯಲ್ಲಿ ಮಣ್ಣು ಕೆದಕುತ್ತವೆ. ಒಣಕೊಂಬೆಯ ತುದಿಯಲ್ಲಿ ನೇರಳೆ ಎದೆಯ, ನೀಲಿ ರೆಕ್ಕೆಯ ಒಂದು ಹಕ್ಕಿ ಕುಳಿತಿರುತ್ತದೆ. ಅದು ನಮ್ಮ ರಾಜ್ಯಪಕ್ಷಿ ನೀಲಕಂಠದ ಹತ್ತಿರದ ನೆಂಟ. ಕುಳಿತುಕೊಳ್ಳುವ ರೀತಿ, ಹುಳ ಕಂಡಾಗ ನೆಲಕ್ಕೆ ಧುಮುಕುವ ರೀತಿ, ಹಾರಾಟದಲ್ಲಿ ಪಲ್ಟಿ ಹೊಡೆಯುವ ರೀತಿ ಎಲ್ಲವೂ ನೀಲಕಂಠದ್ದೇ. ಒಂದನ್ನು ಚೆನ್ನಾಗಿ ಗಮನಿಸಿದವರು ಇನ್ನೊಂದನ್ನು ಮೊದಲ ನೋಟದಲ್ಲೇ ಗುರುತಿಸಬಲ್ಲರು.

ಈ ಹೊತ್ತಿಗೆ ದೂರದಿಂದ ಸಿಂಹದ ಗುಟುರಿನಂಥ ತಗ್ಗಿದ ಸ್ವರವೊಂದು ಕೇಳಿಬರಬಹುದು. ಅದು ನೆಲಮಂಗಟ್ಟೆ, ಅಂದರೆ ನೆಲದ ಮೇಲೆ ನಡೆದಾಡುವ ಹಾರ್ನ್‌ಬಿಲ್. ನಮ್ಮ ದಾಂಡೇಲಿಯ ಮಂಗಟ್ಟೆಗಳು ಮರದ ಮೇಲೆ ಹಣ್ಣು ತಿಂದು ಬದುಕಿದರೆ, ಇದು ಹುಲ್ಲಿನಲ್ಲಿ ನಡೆಯುತ್ತ ಹಾವು, ಆಮೆ, ಮಿಡತೆಗಳನ್ನು ಹಿಡಿಯುತ್ತದೆ. ಕಪ್ಪು ಮೈ, ಕೆಂಪು ಗಂಟಲು. ಕುಟುಂಬವಾಗಿ ಬದುಕುವ ಈ ಹಕ್ಕಿಗಳಲ್ಲಿ ಒಂದು ಜೋಡಿ ಮಾತ್ರ ಮೊಟ್ಟೆ ಇಡುತ್ತದೆ, ಉಳಿದವು ಮರಿ ಸಾಕಲು ನೆರವಾಗುತ್ತವೆ. ಸಾಮಾನ್ಯವಾಗಿ ಎರಡು ಮೊಟ್ಟೆ ಇಟ್ಟರೂ ಎರಡನೆಯ ಮರಿ ಹಸಿವಿನಿಂದ ಸಾಯುತ್ತದೆ. ಒಂದು ಕುಟುಂಬ ಸರಾಸರಿ ಒಂಬತ್ತು ವರ್ಷಕ್ಕೊಮ್ಮೆ ಒಂದು ಮರಿಯನ್ನು ದೊಡ್ಡದು ಮಾಡುತ್ತದೆ ಎಂದು ತಜ್ಞರು ಲೆಕ್ಕ ಹಾಕಿದ್ದಾರೆ. ಇಷ್ಟು ನಿಧಾನವಾಗಿ ಬೆಳೆಯುವ ಸಂತತಿಯಲ್ಲಿ ಒಂದೆರಡು ಹಕ್ಕಿ ವಿಷಕ್ಕೆ ಬಲಿಯಾದರೂ ನಷ್ಟ ತುಂಬಲು ದಶಕಗಳೇ ಬೇಕು. ಆದ್ದರಿಂದಲೇ ಸಾಯಲಿರುವ ಎರಡನೆಯ ಮರಿಯನ್ನು ಗೂಡಿನಿಂದ ತಂದು ಕೈಯಾರೆ ಸಾಕಿ ಮತ್ತೆ ಕಾಡಿಗೆ ಬಿಡುವ ಕೆಲಸ ಅಲ್ಲಿ ನಡೆಯುತ್ತಿದೆ.

ಎಮ್ಮೆಯ ಬೆನ್ನಿನ ಮೇಲೆ ಒಂದು ಪಾಠ

ದ್ವಿತೀಯ ಪಿಯುಸಿ ಜೀವಶಾಸ್ತ್ರ ಓದುವವರಿಗೆ ಗೋವಕ್ಕಿ ಮತ್ತು ಮೇಯುವ ದನಗಳ ಉದಾಹರಣೆ ನೆನಪಿರಬೇಕು. ದನ ನಡೆದಾಗ ಹುಲ್ಲಿನಿಂದ ಹುಳಗಳು ಏಳುತ್ತವೆ, ಗೋವಕ್ಕಿ ಅವನ್ನು ಹಿಡಿಯುತ್ತದೆ. ಹಕ್ಕಿಗೆ ಲಾಭ, ದನಕ್ಕೆ ಲಾಭವೂ ಇಲ್ಲ ನಷ್ಟವೂ ಇಲ್ಲ. ಇದನ್ನು ಕಮೆನ್ಸಲಿಸಂ ಎನ್ನುತ್ತೇವೆ. ಕ್ರೂಗರ್‌ನಲ್ಲಿ ಇದೇ ಗೋವಕ್ಕಿ ನೂರಾರು ಕಾಡೆಮ್ಮೆಗಳ ಹಿಂಡಿನ ಜೊತೆ ನಡೆಯುವುದನ್ನು ನೋಡಬಹುದು.

ಆದರೆ ಎಮ್ಮೆಯ ಬೆನ್ನ ಮೇಲೆ ಕುಳಿತ ಕಂದು ಬಣ್ಣದ ಹಕ್ಕಿಯ ವಿಷಯ ಬೇರೆ. ಅದರ ಹೆಸರು ಆಕ್ಸ್‌ಪೆಕರ್. ಕೆಂಪು ಕೊಕ್ಕಿನದು, ಹಳದಿ ಕೊಕ್ಕಿನದು ಎಂದು ಎರಡು ಜಾತಿ. ಇವು ಎಮ್ಮೆ, ಜಿರಾಫೆ, ಖಡ್ಗಮೃಗಗಳ ಮೈಮೇಲಿನ ಉಣ್ಣೆಗಳನ್ನು ಕಿತ್ತು ತಿನ್ನುತ್ತವೆ. ಇಲ್ಲಿಯವರೆಗೆ ಇಬ್ಬರಿಗೂ ಲಾಭ, ಅಂದರೆ ಮ್ಯೂಚುವಲಿಸಂ. ಆದರೆ ಪ್ರಾಣಿಯ ಮೈಯಲ್ಲಿ ಗಾಯವಿದ್ದರೆ ಆಕ್ಸ್‌ಪೆಕರ್ ಅದನ್ನು ಕುಕ್ಕಿ ರಕ್ತವನ್ನೂ ಕುಡಿಯುತ್ತದೆ. ಆಗ ಅದು ಪರಾವಲಂಬಿಯಂತೆ ವರ್ತಿಸಿದಂತಾಯಿತು. ಪಠ್ಯಪುಸ್ತಕದಲ್ಲಿ ಬೇರೆ ಬೇರೆ ಶೀರ್ಷಿಕೆಯ ಕೆಳಗೆ ಓದುವ ಸಂಬಂಧಗಳು ನಿಸರ್ಗದಲ್ಲಿ ಒಂದೇ ಹಕ್ಕಿಯಲ್ಲಿ ಬೆರೆತಿರುತ್ತವೆ.

ಸ್ವಾಹಿಲಿ ಭಾಷೆಯಲ್ಲಿ ಈ ಹಕ್ಕಿಗೆ ‘ಅಸ್ಕರಿ ವಾ ಕಿಫಾರು’ ಎನ್ನುತ್ತಾರೆ, ಅಂದರೆ ಖಡ್ಗಮೃಗದ ಕಾವಲುಗಾರ. ‘ಅಸ್ಕರಿ’ ಅರಬಿಯಿಂದ ಹೋದ ಪದ. ಉರ್ದು ಬಲ್ಲವರಿಗೆ ಪರಿಚಿತವೇ. ಈ ಹೆಸರಿನಲ್ಲಿ ಸತ್ಯವಿದೆಯೇ ಎಂದು ದಕ್ಷಿಣ ಆಫ್ರಿಕಾದ ಇನ್ನೊಂದು ಉದ್ಯಾನವಾದ ಹ್ಲುಹ್ಲುವೆ-ಇಮ್ಫೊಲೊಜಿಯಲ್ಲಿ ವಿಜ್ಞಾನಿಗಳು ಪರೀಕ್ಷಿಸಿದರು. ಒಬ್ಬ ಮನುಷ್ಯ ಕಪ್ಪು ಖಡ್ಗಮೃಗದತ್ತ ನಡೆದುಹೋದಾಗ, ಬೆನ್ನ ಮೇಲೆ ಹಕ್ಕಿ ಇಲ್ಲದ ಖಡ್ಗಮೃಗಗಳು ಅವನನ್ನು ಗುರುತಿಸಿದ್ದು ಶೇ. 23ರಷ್ಟು ಸಲ ಮಾತ್ರ. ಹಕ್ಕಿ ಇದ್ದವು ಪ್ರತಿ ಸಲವೂ ಗುರುತಿಸಿದವು. ಖಡ್ಗಮೃಗಕ್ಕೆ ದೃಷ್ಟಿ ಮಂದ. ಹಕ್ಕಿಯ ಎಚ್ಚರಿಕೆಯ ಕೂಗೇ ಅದಕ್ಕೆ ಕಣ್ಣು. 2020ರಲ್ಲಿ ಪ್ರಕಟವಾದ ಈ ಅಧ್ಯಯನ ಜನಪದರ ಅನುಭವಕ್ಕೆ ವಿಜ್ಞಾನದ ಮುದ್ರೆ ಒತ್ತಿತು.

ಈ ಕಾವಲುಗಾರನ ಹಿಂದೆ ಒಂದು ನೋವಿನ ಇತಿಹಾಸವೂ ಇದೆ. 1880ರ ದಶಕದ ಕೊನೆಯಲ್ಲಿ ರಿಂಡರ್‌ಪೆಸ್ಟ್ ಎಂಬ ದನಗಳ ಪಿಡುಗು ಆಫ್ರಿಕಾದ ಈಶಾನ್ಯ ತೀರಕ್ಕೆ ಬಂತು. ಭಾರತದಿಂದ ಹಡಗಿನಲ್ಲಿ ಸಾಗಿಸಿದ ದನಗಳೊಂದಿಗೆ ಅದು ಬಂತೆಂದು ಇತಿಹಾಸಕಾರರು ಹೇಳುತ್ತಾರೆ. 1896ರ ಹೊತ್ತಿಗೆ ದಕ್ಷಿಣ ಆಫ್ರಿಕಾ ತಲುಪಿ ಲಕ್ಷಾಂತರ ದನಗಳನ್ನೂ ಕಾಡೆಮ್ಮೆಗಳನ್ನೂ ಕೊಂದಿತು. ಅದೇ ಕಾಲದ ಸುಮಾರಿಗೆ ಉಣ್ಣೆ ಕೊಲ್ಲಲು ದನಗಳನ್ನು ಆರ್ಸೆನಿಕ್ ಬೆರೆಸಿದ ನೀರಿನಲ್ಲಿ ಮುಳುಗಿಸುವ ಪದ್ಧತಿ ಬಂತು. ಒಂದೆಡೆ ಎಮ್ಮೆ ಇಲ್ಲ, ಇನ್ನೊಂದೆಡೆ ಇದ್ದ ದನದ ಮೈಮೇಲಿನ ಉಣ್ಣೆ ವಿಷ. ಹಳದಿ ಕೊಕ್ಕಿನ ಆಕ್ಸ್‌ಪೆಕರ್ ದಕ್ಷಿಣ ಆಫ್ರಿಕಾದಿಂದಲೇ ಮರೆಯಾಯಿತು. ಕಾಡೆಮ್ಮೆಗಳ ಸಂಖ್ಯೆ ಚೇತರಿಸಿಕೊಂಡು, ವಿಷದ ಬಳಕೆ ಕಡಿಮೆಯಾದ ಮೇಲೆ, 1979ರ ಸುಮಾರಿಗೆ ಅದು ಉತ್ತರದಿಂದ ತಾನಾಗಿಯೇ ಕ್ರೂಗರ್‌ಗೆ ಮರಳಿತು. ರಿಂಡರ್‌ಪೆಸ್ಟ್ ಲೋಕದಿಂದಲೇ ನಿರ್ಮೂಲವಾಯಿತೆಂದು 2011ರಲ್ಲಿ ಘೋಷಿಸಲಾಯಿತು.

ನಮ್ಮ ದೇಶ ಹಾದು ಬಂದ ಅತಿಥಿಗಳು

ಡಿಸೆಂಬರ್‌ನಲ್ಲಿ ಕ್ರೂಗರ್‌ಗೆ ಹೋದವರಿಗೆ ಒಂದು ಲಾಭವಿದೆ. ಉತ್ತರಾರ್ಧಗೋಳದಲ್ಲಿ ಚಳಿ ಬಿದ್ದಾಗ ಯುರೋಪ್ ಮತ್ತು ಏಷ್ಯಾದ ವಲಸೆ ಹಕ್ಕಿಗಳು ಇಲ್ಲಿ ಬೇಸಿಗೆ ಕಳೆಯುತ್ತವೆ. ಮನೆಗುಬ್ಬಚ್ಚಿಯಷ್ಟು ಹಗುರಾದ ಕವಲುತೋಕೆಗಳು, ಜೇನುಹಿಡುಕಗಳು, ಯುರೋಪಿನ ನೀಲಕಂಠಗಳು ಎಲ್ಲವೂ ಆ ಸಮಯದಲ್ಲಿ ಸಿಗುತ್ತವೆ.

ಇವುಗಳಲ್ಲಿ ನಮಗೆ ಆಪ್ತವಾದದ್ದು ಅಮೂರ್ ಫಾಲ್ಕನ್ ಎಂಬ ಚಿಕ್ಕ ಡೇಗೆ. ಸೈಬೀರಿಯಾದ ಪೂರ್ವ ಭಾಗ ಮತ್ತು ಉತ್ತರ ಚೀನಾದಲ್ಲಿ ಮರಿ ಮಾಡಿ, ಅಕ್ಟೋಬರ್-ನವೆಂಬರ್‌ನಲ್ಲಿ ನಾಗಾಲ್ಯಾಂಡ್, ಮಣಿಪುರಗಳಲ್ಲಿ ತಂಗಿ, ಗೆದ್ದಲು ತಿಂದು ಮೈ ತುಂಬಿಕೊಂಡು, ಭಾರತವನ್ನು ಹಾದು ಅರಬ್ಬೀ ಸಮುದ್ರವನ್ನು ಎಲ್ಲೂ ಇಳಿಯದೆ ದಾಟಿ ಆಫ್ರಿಕಾ ಸೇರುತ್ತದೆ. 2012ರಲ್ಲಿ ನಾಗಾಲ್ಯಾಂಡಿನ ಪಾಂಗ್ಟಿ ಹಳ್ಳಿಯ ಬಳಿ ಬಲೆ ಹಾಕಿ ಈ ಹಕ್ಕಿಗಳನ್ನು ಸಾವಿರಗಟ್ಟಲೆ ಕೊಲ್ಲುತ್ತಿರುವುದು ಬೆಳಕಿಗೆ ಬಂತು. ಹಳ್ಳಿಯ ಹಿರಿಯರು, ಚರ್ಚುಗಳು, ಸಂರಕ್ಷಣಾ ಕಾರ್ಯಕರ್ತರು ಕೂಡಿ ಮಾತಾಡಿ ಮರುವರ್ಷವೇ ಬೇಟೆ ನಿಲ್ಲಿಸಿದರು. ನಾಗಾಲ್ಯಾಂಡಿನ ಒಂದು ಹಳ್ಳಿ ತೆಗೆದುಕೊಂಡ ತೀರ್ಮಾನದಿಂದ ದಕ್ಷಿಣ ಆಫ್ರಿಕಾದ ಆಕಾಶದಲ್ಲಿ ಹಕ್ಕಿಗಳು ಉಳಿದವು. ಒಂದು ಹಕ್ಕಿಯನ್ನು ಉಳಿಸಲು ಅದರ ದಾರಿಯ ಎಲ್ಲ ದೇಶಗಳೂ ಮನಸ್ಸು ಮಾಡಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಇದೇ ತಿಂಗಳುಗಳಲ್ಲಿ ಇಂಪಾಲ ಎಂಬ ಜಿಂಕೆಯಂಥ ಪ್ರಾಣಿಗಳು ಮರಿ ಹಾಕುತ್ತವೆ. ಸಾವಿರಾರು ಮರಿಗಳು ಕೆಲವೇ ವಾರಗಳಲ್ಲಿ ಹುಟ್ಟುತ್ತವೆ. ಚಿರತೆ, ಕತ್ತೆಕಿರುಬ, ಕಾಡುನಾಯಿಗಳು ಎಷ್ಟೇ ತಿಂದರೂ ಎಲ್ಲವನ್ನೂ ತಿಂದು ಮುಗಿಸಲಾರವು, ಉಳಿದವು ಬೆಳೆಯುತ್ತವೆ. ವರ್ಷವಿಡೀ ಒಂದೊಂದಾಗಿ ಹುಟ್ಟಿದ್ದರೆ ಒಂದೊಂದಾಗಿಯೇ ಬಲಿಯಾಗುತ್ತಿದ್ದವು.

ಮಧ್ಯಾಹ್ನ: ನೀರಿನ ಬಳಿ

ಹತ್ತು ಗಂಟೆಯ ನಂತರ ಬಿಸಿಲು ಸುಡುತ್ತದೆ. ಪ್ರವಾಸಿಗರು ಶಿಬಿರದ ನೆರಳಿಗೆ ಬರುತ್ತಾರೆ. ಶಿಬಿರದ ಹುಲ್ಲುಹಾಸಿನಲ್ಲಿ ತಲೆಯ ಮೇಲೆ ಬೀಸಣಿಗೆಯಂಥ ಕಿರೀಟ ಹೊತ್ತ ಚಂದ್ರಮುಕುಟ ಹಕ್ಕಿ ಉದ್ದ ಕೊಕ್ಕಿನಿಂದ ನೆಲ ಕುಕ್ಕುತ್ತಿರುತ್ತದೆ. ಪ್ರವಾದಿ ಸುಲೈಮಾನ್ (ಅ.ಸ.) ಅವರಿಗೆ ಸಬಾ ನಾಡಿನ ಸುದ್ದಿ ತಂದಿತೆಂದು ಕುರ್‌ಆನ್ ಹೇಳುವ ಹುದ್‌ಹುದ್ ಇದೇ ಬಳಗದ ಹಕ್ಕಿ. ನಮ್ಮ ಊರಿನ ಮೈದಾನಗಳಲ್ಲೂ ಸಿಗುವ ಇದನ್ನು ಎಷ್ಟು ಮಂದಿ ಗುರುತಿಸುತ್ತೇವೆ?

ನೀರಿನ ಬಳಿ ಕಾರು ನಿಲ್ಲಿಸಿ ಸುಮ್ಮನೆ ಕುಳಿತರೆ ಪ್ರಾಣಿಗಳು ತಾವಾಗಿಯೇ ಬರುತ್ತವೆ. ನೀರಾನೆಗಳು ಮೂಗು ಮಾತ್ರ ಮೇಲಿಟ್ಟು ಮಲಗಿರುತ್ತವೆ. ಆಫ್ರಿಕಾದ ಮೀನುಗಿಡುಗ ತಲೆ ಹಿಂದಕ್ಕೆ ಚೆಲ್ಲಿ ಕೂಗುತ್ತದೆ. ಕೆಂಪು-ಕಪ್ಪು ಕೊಕ್ಕಿನ ಮೇಲೆ ಹಳದಿ ಜೀನು ಹಾಕಿದಂತಿರುವ ಕೊಕ್ಕರೆ ಎತ್ತರದ ಕಾಲುಗಳಲ್ಲಿ ನಡೆಯುತ್ತದೆ.

ಈ ನೀರಿನ ವಿಷಯದಲ್ಲಿ ಕ್ರೂಗರ್ ಕಲಿತ ಒಂದು ಪಾಠ ಎಲ್ಲರೂ ತಿಳಿಯಬೇಕಾದದ್ದು. ಬರಗಾಲದಲ್ಲಿ ಪ್ರಾಣಿಗಳು ಸಾಯುವುದನ್ನು ನೋಡಲಾರದೆ ಇಪ್ಪತ್ತನೆಯ ಶತಮಾನದಲ್ಲಿ ಉದ್ಯಾನದುದ್ದಕ್ಕೂ ಕೊಳವೆಬಾವಿ ಕೊರೆದು, ಗಾಳಿಯಂತ್ರ ನಿಲ್ಲಿಸಿ, ಕೊಳಗಳನ್ನು ಮಾಡಿದರು. ಉದ್ದೇಶ ಒಳ್ಳೆಯದೇ. ಆದರೆ ಉತ್ತರದ ಒಣ ಬಯಲಿನಲ್ಲಿ ರೋನ್ ಎಂಬ ಅಪರೂಪದ ದೊಡ್ಡ ಹುಲ್ಲೆ ಇತ್ತು. ಅದು ನೀರು ಕಡಿಮೆ ಇರುವ, ಎತ್ತರದ ಹುಲ್ಲಿನ, ಬೇರೆ ಪ್ರಾಣಿಗಳು ಹೆಚ್ಚು ಬಾರದ ಜಾಗದಲ್ಲಿ ಬದುಕುವ ಪ್ರಾಣಿ. ಕೊಳಗಳಾದ ಮೇಲೆ ಜೀಬ್ರಾಗಳೂ ವಿಲ್ಡಬೀಸ್ಟ್‌ಗಳೂ ಅಲ್ಲಿಗೆ ಬಂದವು. ಅವುಗಳ ಹಿಂದೆ ಸಿಂಹಗಳು ಬಂದವು. 1986ರಲ್ಲಿ ಸುಮಾರು 450 ಇದ್ದ ರೋನ್‌ಗಳು 1993ರ ಹೊತ್ತಿಗೆ ಸುಮಾರು 45ಕ್ಕೆ ಇಳಿದವು. ಆಮೇಲೆ ಅಲ್ಲಿನ ಹಲವು ಕೊಳಗಳನ್ನು ಮುಚ್ಚಿದರು. ಆದರೆ ರೋನ್ ಸಂಖ್ಯೆ ಮೊದಲಿನಂತಾಗಲಿಲ್ಲ. ನೀರು ಕೊಡುವುದು ಪುಣ್ಯದ ಕೆಲಸ ಎಂದು ನಾವೆಲ್ಲ ನಂಬಿದ್ದೇವೆ. ಆದರೆ ಕಾಡಿನಲ್ಲಿ ಯಾರಿಗೆ, ಎಲ್ಲಿ, ಯಾವಾಗ ಎಂದು ಯೋಚಿಸದೆ ಕೊಟ್ಟ ನೀರು ಒಬ್ಬರಿಗೆ ವರವಾಗಿ ಇನ್ನೊಬ್ಬರಿಗೆ ಕುತ್ತಾಗಬಹುದು. ಬೇಸಿಗೆಯಲ್ಲಿ ಸೌರ ಪಂಪಿನಿಂದ ಕಾಡಿನ ಕೆರೆ ತುಂಬಿಸುವ ನಮ್ಮ ರಾಜ್ಯಕ್ಕೂ ಈ ಅನುಭವ ಉಪಯುಕ್ತ.

ತಲೆಯೆತ್ತಿ ನೋಡಿ

ಮಧ್ಯಾಹ್ನದ ಬಿಸಿಗಾಳಿ ಮೇಲೇಳುವಾಗ ರಣಹದ್ದುಗಳು ರೆಕ್ಕೆ ಬಡಿಯದೆ ಎತ್ತರಕ್ಕೇರುತ್ತವೆ. ಒಂದು ಹದ್ದು ಸತ್ತ ಪ್ರಾಣಿಯನ್ನು ಕಂಡು ಕೆಳಗಿಳಿದರೆ ದೂರದಲ್ಲಿರುವ ಇನ್ನೊಂದು ಅದನ್ನು ಗಮನಿಸಿ ಹಿಂಬಾಲಿಸುತ್ತದೆ, ಅದನ್ನು ಮತ್ತೊಂದು. ಹೀಗೆ ಸ್ವಲ್ಪ ಹೊತ್ತಿನಲ್ಲೇ ಹತ್ತಾರು ಸೇರುತ್ತವೆ. ಅನುಭವಿ ಮಾರ್ಗದರ್ಶಿಗಳು ಸಿಂಹವನ್ನು ಹುಡುಕುವುದೂ ಹೀಗೆಯೇ: ರಣಹದ್ದುಗಳು ಮರದ ಮೇಲೆ ಕುಳಿತು ಕೆಳಗೆ ನೋಡುತ್ತಿದ್ದರೆ, ಬೇಟೆಯ ಬಳಿ ಇನ್ನೂ ಸಿಂಹವಿದೆ ಎಂದು ಅರ್ಥ.

ರಣಹದ್ದು ಕೊಳೆತದ್ದನ್ನು ತಿಂದೂ ಬದುಕುವುದು ಅದರ ಹೊಟ್ಟೆಯ ತೀಕ್ಷ್ಣ ಆಮ್ಲದಿಂದ. ಅನೇಕ ರೋಗಾಣುಗಳು ಅದರಲ್ಲಿ ಸಾಯುತ್ತವೆ. ಹಾಗಾಗಿ ಅದು ಕಾಡಿನ ಆರೋಗ್ಯ ಇಲಾಖೆ. ಆದರೆ ಇಂದು ಆಫ್ರಿಕಾದಲ್ಲಿ ರಣಹದ್ದುಗಳು ಬೇಕೆಂದೇ ಕೊಲ್ಲಲ್ಪಡುತ್ತಿವೆ. ಕಳ್ಳಬೇಟೆಗಾರರು ಆನೆಯನ್ನೋ ಖಡ್ಗಮೃಗವನ್ನೋ ಕೊಂದಾಗ ಆಕಾಶದಲ್ಲಿ ಸುತ್ತುವ ಹದ್ದುಗಳು ಅರಣ್ಯ ರಕ್ಷಕರಿಗೆ ಜಾಗ ತೋರಿಸಿಕೊಡುತ್ತವೆ. ಅದನ್ನು ತಪ್ಪಿಸಲು ಅವರು ಸತ್ತ ಪ್ರಾಣಿಗೆ ಕೀಟನಾಶಕ ಬೆರೆಸುತ್ತಾರೆ. ನಾಟಿ ಔಷಧಿ ಮತ್ತು ಮಾಟದ ಹೆಸರಿನಲ್ಲಿ ಹದ್ದಿನ ತಲೆ, ರೆಕ್ಕೆಗಳನ್ನು ಮಾರಲೂ ವಿಷ ಇಡುವುದುಂಟು. 2019ರ ಜೂನ್‌ನಲ್ಲಿ ಬೋಟ್ಸ್ವಾನಾದಲ್ಲಿ ಮೂರು ಆನೆಗಳ ಕಳೇಬರಕ್ಕೆ ಬೆರೆಸಿದ ವಿಷದಿಂದ 537 ರಣಹದ್ದುಗಳು ಸತ್ತವು. 2025ರ ಮೇ ತಿಂಗಳಲ್ಲಿ ಕ್ರೂಗರ್‌ನಲ್ಲೇ ವಿಷ ಬೆರೆತ ಒಂದು ಆನೆಯ ಕಳೇಬರದ ಬಳಿ 123 ಹದ್ದುಗಳು ಸತ್ತುಬಿದ್ದವು. ಸಕಾಲಕ್ಕೆ ತಲುಪಿದ ರಕ್ಷಕರು ಮತ್ತು ಸಂರಕ್ಷಣಾ ಕಾರ್ಯಕರ್ತರು ಇನ್ನೂ 84 ಹದ್ದುಗಳಿಗೆ ಚಿಕಿತ್ಸೆ ಕೊಟ್ಟು ಉಳಿಸಿದರು.

ಇದು ಅವರ ದೇಶದ ಸಮಸ್ಯೆ ಎಂದು ನಾವು ಹೇಳುವಂತಿಲ್ಲ. ನಮ್ಮಲ್ಲಿ ಯಾರೂ ಹದ್ದುಗಳಿಗೆ ಬೇಕೆಂದು ವಿಷವಿಡಲಿಲ್ಲ. ದನಗಳ ನೋವಿಗೆ ಕೊಟ್ಟ ಡೈಕ್ಲೋಫೆನಾಕ್ ಎಂಬ ಔಷಧಿ, ಆ ದನ ಸತ್ತ ಮೇಲೆ ಅದನ್ನು ತಿಂದ ಹದ್ದಿನ ಮೂತ್ರಪಿಂಡವನ್ನು ಹಾಳುಮಾಡಿತು. 1992ರಿಂದ 2007ರ ನಡುವೆ ಭಾರತದ ಬಿಳಿಬೆನ್ನಿನ ರಣಹದ್ದುಗಳಲ್ಲಿ ಶೇ. 99.9ರಷ್ಟು ನಾಶವಾದವು. 2006ರಲ್ಲಿ ಜಾನುವಾರುಗಳಿಗೆ ಆ ಔಷಧಿಯನ್ನು ನಿಷೇಧಿಸಲಾಯಿತು. ಹದ್ದುಗಳಿಲ್ಲದೆ ಕಳೇಬರಗಳು ಕೊಳೆತವು, ನೀರು ಕೆಟ್ಟಿತು, ನಾಯಿಗಳು ಹೆಚ್ಚಿದವು. 2000ದಿಂದ 2005ರವರೆಗಿನ ಅವಧಿಯಲ್ಲಿ ಇದರಿಂದ ದೇಶದಲ್ಲಿ ಸುಮಾರು ಐದು ಲಕ್ಷ ಹೆಚ್ಚುವರಿ ಮಾನವ ಸಾವುಗಳಾದವು ಎಂದು 2024ರಲ್ಲಿ ಪ್ರಕಟವಾದ ಇಬ್ಬರು ಅರ್ಥಶಾಸ್ತ್ರಜ್ಞರ ಅಧ್ಯಯನ ಅಂದಾಜಿಸಿದೆ. ಅಳಿದುಳಿದ ರಣಹದ್ದುಗಳಿಗಾಗಿ ಕರ್ನಾಟಕ ಸರ್ಕಾರ 2012ರಲ್ಲಿ ರಾಮನಗರದ ರಾಮದೇವರ ಬೆಟ್ಟವನ್ನು ಅಭಯಾರಣ್ಯವಾಗಿ ಘೋಷಿಸಿತು.

ಸಂಜೆ: ಖಡ್ಗಮೃಗದ ನೆರಳು

ನಾಲ್ಕು ಗಂಟೆಯ ನಂತರ ಕಾಡು ಮತ್ತೆ ಎಚ್ಚರಗೊಳ್ಳುತ್ತದೆ. ಸಿಂಹ, ಚಿರತೆ, ಆನೆ, ಕಾಡೆಮ್ಮೆ, ಖಡ್ಗಮೃಗಗಳನ್ನು ‘ಬಿಗ್ ಫೈವ್’ ಎನ್ನುತ್ತಾರೆ. ಇದು ಬೇಟೆಗಾರರು ಕೊಟ್ಟ ಹೆಸರು. ನಡೆದು ಬೇಟೆಯಾಡಲು ಅತ್ಯಂತ ಅಪಾಯಕಾರಿಯಾದ ಐದು ಪ್ರಾಣಿಗಳು ಎಂಬ ಅರ್ಥದಲ್ಲಿ. ಹಕ್ಕಿಪ್ರಿಯರು ತಮ್ಮದೇ ‘ಬಿಗ್ ಸಿಕ್ಸ್’ ಪಟ್ಟಿ ಮಾಡಿಕೊಂಡಿದ್ದಾರೆ. ಅದರಲ್ಲಿ ನೆಲಮಂಗಟ್ಟೆಯೂ ಇದೆ, ಹಾರುವ ಹಕ್ಕಿಗಳಲ್ಲಿ ಅತಿ ಭಾರದವುಗಳಲ್ಲಿ ಒಂದಾದ ಕೋರಿ ಬಸ್ಟರ್ಡ್ ಕೂಡ ಇದೆ. ಈ ಕೋರಿಯ ಸೋದರಸಂಬಂಧಿಯೇ ನಮ್ಮ ಎರೆಭೂತ. ಡಾ. ಸಾಲಿಂ ಅಲಿಯವರು ಅದನ್ನೇ ರಾಷ್ಟ್ರಪಕ್ಷಿ ಮಾಡಬೇಕೆಂದು ವಾದಿಸಿದ್ದರು; 1963ರಲ್ಲಿ ಆ ಗೌರವ ನವಿಲಿಗೆ ಸಂದಿತು. ಇಂದು ದೇಶದ ಬಯಲುಗಳಲ್ಲಿ ಎರೆಭೂತ ಇನ್ನೂರಕ್ಕಿಂತ ಕಡಿಮೆ. ಬಳ್ಳಾರಿಯ ಸಿರುಗುಪ್ಪ ಭಾಗದಲ್ಲಿ ಬೆರಳೆಣಿಕೆಯಷ್ಟು.

ಖಡ್ಗಮೃಗದಲ್ಲಿ ಕ್ರೂಗರ್‌ನಲ್ಲಿ ಎರಡು ಜಾತಿ. ಅಗಲ ತುಟಿಯ ಬಿಳಿ ಖಡ್ಗಮೃಗ ಹುಲ್ಲು ಮೇಯುತ್ತದೆ. ಮುಂದೆ ಚೂಪಾದ ತುಟಿಯ ಕಪ್ಪು ಖಡ್ಗಮೃಗ ಗಿಡದ ಎಲೆ, ರೆಂಬೆ ಮುರಿದು ತಿನ್ನುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬೇಟೆಯಿಂದ ಇಲ್ಲಿ ಬಿಳಿ ಖಡ್ಗಮೃಗ ಪೂರ್ತಿ ನಿರ್ನಾಮವಾಗಿತ್ತು. ಉಮ್ಫೊಲೊಜಿಯಲ್ಲಿ ಉಳಿದಿದ್ದ ಹಿಂಡಿನಿಂದ 1961ರಲ್ಲಿ ತಂದು ಮತ್ತೆ ಬಿಡಲು ಆರಂಭಿಸಿದರು. ಅರ್ಧ ಶತಮಾನದಲ್ಲಿ ಅವು ಹತ್ತು ಸಾವಿರ ದಾಟಿದವು. ಅಷ್ಟರಲ್ಲಿ ಕೊಂಬಿನ ಕಳ್ಳವ್ಯಾಪಾರ ಬೆಳೆಯಿತು. 2014ರ ಒಂದೇ ವರ್ಷದಲ್ಲಿ ದಕ್ಷಿಣ ಆಫ್ರಿಕಾದಲ್ಲಿ 1,215 ಖಡ್ಗಮೃಗಗಳನ್ನು ಕೊಂದರು. ಅವುಗಳಲ್ಲಿ 827 ಕ್ರೂಗರ್‌ನವು. ಈಗ ಅಲ್ಲಿ ಉಳಿದಿರುವ ಬಿಳಿ ಖಡ್ಗಮೃಗಗಳು ಎರಡು ಸಾವಿರದ ಆಸುಪಾಸು. ಆ ಕೊಂಬು ಕೆರಾಟಿನ್‌ನಿಂದ ಆದದ್ದು. ನಮ್ಮ ಉಗುರು, ಕೂದಲುಗಳಲ್ಲಿರುವುದೂ ಅದೇ. ಅದರಿಂದ ಕ್ಯಾನ್ಸರ್ ಗುಣವಾಗುತ್ತದೆಂಬ ನಂಬಿಕೆಗೆ ವೈಜ್ಞಾನಿಕ ಆಧಾರವಿಲ್ಲ. ಅಜ್ಞಾನ ಎಷ್ಟು ದೂರದ ಜೀವಿಯನ್ನು ಕೊಲ್ಲಬಲ್ಲದು ಎಂಬುದಕ್ಕೆ ಇದು ನಿದರ್ಶನ.

ಇದರ ವಿರುದ್ಧ ಹೋರಾಡುವವರಲ್ಲಿ ‘ಬ್ಲ್ಯಾಕ್ ಮಾಂಬಾಸ್’ ಎಂಬ ತಂಡವಿದೆ. ಕ್ರೂಗರ್‌ಗೆ ಹೊಂದಿಕೊಂಡ ಬಲೂಲೆ ರಕ್ಷಿತ ಪ್ರದೇಶದಲ್ಲಿ 2013ರಲ್ಲಿ ಆರಂಭವಾದ ಈ ತಂಡದಲ್ಲಿ ಹೆಚ್ಚಿನವರು ಸುತ್ತಲಿನ ಹಳ್ಳಿಗಳ ಯುವತಿಯರು. ಬಂದೂಕು ಹಿಡಿಯದೆ ಬೇಲಿಗುಂಟ ನಡೆದು, ಉರುಳು ಕಿತ್ತುಹಾಕಿ, ಶಾಲೆಗಳಲ್ಲಿ ಮಕ್ಕಳಿಗೆ ತಿಳಿಹೇಳುತ್ತಾರೆ. 2015ರಲ್ಲಿ ವಿಶ್ವಸಂಸ್ಥೆಯ ಪರಿಸರ ಪ್ರಶಸ್ತಿ ಅವರಿಗೆ ಸಂದಿತು.

ಈ ನೆಲ ಯಾರದ್ದು?

ಕತ್ತಲಾದ ಮೇಲೆ ಶಿಬಿರದಲ್ಲಿ ಕತ್ತೆಕಿರುಬದ ಕೂಗು ಕೇಳುತ್ತ ಕೂರುವ ಪ್ರವಾಸಿಗೆ ಈ ನೆಲದಲ್ಲಿ ಹಿಂದೆ ಜನರಿದ್ದರೆಂಬುದು ಹೊಳೆಯದೇ ಇರಬಹುದು. ಉದ್ಯಾನದ ದೊಡ್ಡ ಶಿಬಿರದ ಹೆಸರು ಸ್ಕುಕುಜಾ. ಅದು 1902ರಲ್ಲಿ ಬಂದ ಮೊದಲ ವಾರ್ಡನ್ ಜೇಮ್ಸ್ ಸ್ಟೀವನ್‌ಸನ್-ಹ್ಯಾಮಿಲ್ಟನ್‌ಗೆ ಸ್ಥಳೀಯರು ಇಟ್ಟ ಅಡ್ಡಹೆಸರು. ‘ಗುಡಿಸಿ ಹಾಕುವವನು’ ಎಂದು ಅದರ ಅರ್ಥ. ಕಳ್ಳಬೇಟೆಯ ಜೊತೆಗೆ ಜನರ ಹಟ್ಟಿಗಳನ್ನೂ ಆತ ತೆರವು ಮಾಡಿಸಿದ್ದ.

ವರ್ಣಭೇದದ ಆಡಳಿತದಲ್ಲಿ, 1969ರಲ್ಲಿ, ಉತ್ತರದ ಪಫೂರಿಯಿಂದ ಮಕುಲೆಕೆ ಜನರನ್ನು ಬಲವಂತವಾಗಿ ಹೊರಹಾಕಿ ಅವರ ಜಮೀನನ್ನು ಉದ್ಯಾನಕ್ಕೆ ಸೇರಿಸಿದರು. ವರ್ಣಭೇದ ಕೊನೆಗೊಂಡ ಮೇಲೆ ಅವರು ಕಾನೂನಿನ ಮೂಲಕ ಹಕ್ಕು ಕೇಳಿದರು. 1998ರಲ್ಲಿ ಸುಮಾರು 24,000 ಹೆಕ್ಟೇರ್ ಜಮೀನು ಅವರಿಗೆ ಮರಳಿತು. ಅವರು ಅಲ್ಲಿ ಉಳುಮೆ ಮಾಡಲಿಲ್ಲ, ಗಣಿಗೂ ಕೊಡಲಿಲ್ಲ. ಕಾಡನ್ನು ಕಾಡಾಗಿಯೇ ಉಳಿಸಿ, ಉದ್ಯಾನದೊಂದಿಗೆ ಸೇರಿ ಆಡಳಿತ ನಡೆಸುತ್ತ, ಪ್ರವಾಸೋದ್ಯಮದ ಆದಾಯ ಪಡೆಯುವ ಒಪ್ಪಂದ ಮಾಡಿಕೊಂಡರು. ಇಂದು ಕ್ರೂಗರ್‌ನಲ್ಲಿ ಅಪರೂಪದ ಹಕ್ಕಿಗಳನ್ನು ಹುಡುಕುವವರು ಮೊದಲು ಹೋಗುವ ಜಾಗ ಈ ಮಕುಲೆಕೆ ನೆಲವೇ. ಅನ್ಯಾಯಕ್ಕೆ ಒಳಗಾದವರು ನ್ಯಾಯ ಸಿಕ್ಕ ಮೇಲೆ ಕಾಡನ್ನು ದ್ವೇಷಿಸಲಿಲ್ಲ. ಕಾಡು ಮತ್ತು ಜನರನ್ನು ಎದುರಾಳಿಗಳಾಗಿ ನೋಡುವವರು ಈ ಸಂಗತಿಯನ್ನು ಗಮನಿಸಬೇಕು.

ನಾವು ಮಾಡಬಹುದಾದದ್ದು

ಕ್ರೂಗರ್‌ಗೆ ಹೋಗುವ ಅವಕಾಶ ನಮ್ಮಲ್ಲಿ ಎಲ್ಲರಿಗೂ ಸಿಗಲಿಕ್ಕಿಲ್ಲ. ಆದರೆ ಅಲ್ಲಿ ಬೇಕಾದ ಕಣ್ಣು, ಕಿವಿ, ತಾಳ್ಮೆಗಳನ್ನು ಕಾಲೇಜಿನ ಆವರಣದಲ್ಲೇ ಬೆಳೆಸಿಕೊಳ್ಳಬಹುದು. ಬೆಳಿಗ್ಗೆ ತರಗತಿಗೆ ಮೊದಲು ಹದಿನೈದು ನಿಮಿಷ ಒಂದೇ ಜಾಗದಲ್ಲಿ ನಿಲ್ಲಿ. ಕಂಡ ಹಕ್ಕಿಯ ಗಾತ್ರವನ್ನು ಗುಬ್ಬಿ, ಮೈನಾ, ಕಾಗೆಗಳಿಗೆ ಹೋಲಿಸಿ. ಕೊಕ್ಕು ಹೇಗಿದೆ, ಬಾಲ ಎಷ್ಟು ಉದ್ದ, ಏನು ತಿನ್ನುತ್ತಿದೆ, ಹೇಗೆ ಕೂಗುತ್ತಿದೆ ಎಂದು ಪುಸ್ತಕದಲ್ಲಿ ಬರೆದಿಡಿ. ದಿನಾಂಕ, ಸಮಯ ತಪ್ಪದೆ ಬರೆಯಿರಿ. ಗೂಡಿನ ಹತ್ತಿರ ಹೋಗಬೇಡಿ, ಫೋಟೋಗಾಗಿ ಹಕ್ಕಿಯನ್ನು ಎಬ್ಬಿಸಬೇಡಿ.

ಪ್ರತಿ ವರ್ಷ ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’ ನಡೆಯುತ್ತದೆ. ಅದರ ಜೊತೆಗೆ ಭಾರತದ ಕಾಲೇಜುಗಳಲ್ಲಿ ‘ಕ್ಯಾಂಪಸ್ ಬರ್ಡ್ ಕೌಂಟ್’ ಕೂಡ ನಡೆಯುತ್ತದೆ. ಹದಿನೈದು ನಿಮಿಷದ ಪಟ್ಟಿಯನ್ನು ಇ-ಬರ್ಡ್ ಎಂಬ ಉಚಿತ ಆ್ಯಪ್‌ನಲ್ಲಿ ಸೇರಿಸಿದರೆ ಸಾಕು, ಅದು ವಿಜ್ಞಾನಿಗಳು ಬಳಸುವ ದಾಖಲೆಯಾಗುತ್ತದೆ. ನಮ್ಮ ಕಾಲೇಜಿನ ವಿಜ್ಞಾನ ಸಂಘ, ಎನ್‌.ಎಸ್‌.ಎಸ್. ಘಟಕಗಳು ಇದನ್ನು ಕೈಗೆತ್ತಿಕೊಳ್ಳಬಹುದು. ವಿಜ್ಞಾನ ವಿಭಾಗದವರಷ್ಟೇ ಅಲ್ಲ, ವಾಣಿಜ್ಯ ಮತ್ತು ಕಲಾ ವಿಭಾಗದವರೂ ಸೇರಬಹುದು. ಇದಕ್ಕೆ ಅಂಕಪಟ್ಟಿ ಬೇಕಿಲ್ಲ.

ಮನೆಯಲ್ಲಿ ದನ, ಆಡು ಸಾಕುವವರಿದ್ದರೆ ಇನ್ನೊಂದು ಕೆಲಸ ಇವತ್ತೇ ಮಾಡಬಹುದು. ಅವಕ್ಕೆ ನೋವಿನ ಔಷಧಿ ಕೊಡಿಸುವಾಗ ಅದರ ಹೆಸರೇನೆಂದು ಪಶುವೈದ್ಯರನ್ನು ಕೇಳಿ. ಡೈಕ್ಲೋಫೆನಾಕ್ ಬೇಡ, ಮೆಲೊಕ್ಸಿಕಾಂ ಕೊಡಿ ಎಂದು ಹೇಳಿ. ಅದು ರಣಹದ್ದುಗಳಿಗೆ ಅಪಾಯವಿಲ್ಲದ್ದೆಂದು ಪರೀಕ್ಷೆಗಳಿಂದ ತಿಳಿದುಬಂದಿದೆ. ಮನುಷ್ಯರಿಗೆಂದು ಮಾರುವ ಡೈಕ್ಲೋಫೆನಾಕ್ ಇಂಜೆಕ್ಷನ್ನನ್ನು ದನಗಳಿಗೆ ಚುಚ್ಚುವ ಅಭ್ಯಾಸ ನಿಷೇಧದ ನಂತರವೂ ಹಲವೆಡೆ ನಿಂತಿರಲಿಲ್ಲ. ಆದ್ದರಿಂದ ಮನೆಯವರಿಗೂ ನೆರೆಯವರಿಗೂ ಈ ಮಾತು ತಿಳಿಸಿ.